ತಟ್ಟೆಯಳತೆಯ ಮೀನು: ಮಲ್ಪೆ ದಾರಿಯ ಒಂದು ಊಟದ ಹೋಟೆಲಿನ ವಿಮರ್ಶೆ

ಉಡುಪಿಯಿಂದ ಮಲ್ಪೆ ಬಂದರಿಗೆ ಹೋಗುವ ದಾರಿಯಲ್ಲಿ, ಹಳೆಯ ಹಂಚಿನ ಮನೆಯೊಂದರ ಚಾವಡಿಯನ್ನು ಅಗಲಿಸಿ ಮಾಡಿದ ಮೀನೂಟದ ಹೋಟೆಲೊಂದಿದೆ. ಒಂಬತ್ತು ಮೇಜು, ಒಂದು ಗಲ್ಲಾ, ಅದರ ಹಿಂದೆ ಸೀಮೆಸುಣ್ಣದಲ್ಲಿ ಬರೆದು ಅಳಿಸುವ ಕಪ್ಪು ಬೋರ್ಡು ಇಷ್ಟೇ ಅದರ ಆಸ್ತಿ. ಕಳೆದ ಅಕ್ಟೋಬರಿನಿಂದ ಈ ಆಗಸ್ಟಿನವರೆಗೆ ಆರು ಸಲ ಅಲ್ಲಿ ಉಂಡಿದ್ದೇನೆ. ಹೋಟೆಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೊಗಳುವುದಕ್ಕೆ ಸಾಕಷ್ಟಿದ್ದರೂ ಒಂದೆರಡು ಆಕ್ಷೇಪಗಳೂ ಇವೆ, ಮತ್ತು ಆ ಆಕ್ಷೇಪಗಳು ಕಾರವಾರದಿಂದ ಉಳ್ಳಾಲದವರೆಗಿನ ಮೀನೂಟದ ಹೋಟೆಲುಗಳಲ್ಲಿ ಹೆಚ್ಚಿನವಕ್ಕೆ ಸಲ್ಲುವಂಥವಾದ್ದರಿಂದ ಒಬ್ಬರನ್ನೇ ಹೆಸರು ಹಿಡಿದು ಕೂರಿಸುವುದು ನ್ಯಾಯವೆನಿಸಲಿಲ್ಲ.

ಮೊದಲು ಅಡುಗೆಯ ಮಾತು. ಕುಚ್ಚಲಕ್ಕಿ ಅನ್ನ ಬಿಸಿಯಾಗಿಯೇ ಬರುತ್ತದೆ. ಸಾರಿಗೆ ತೆಂಗಿನಕಾಯಿಯನ್ನು ನುಣ್ಣಗೆ ಅರೆದಿರುತ್ತಾರೆ, ಬ್ಯಾಡಗಿ ಮೆಣಸಿನ ಬಣ್ಣವಿದ್ದರೂ ಖಾರ ನಾಲಗೆಯನ್ನು ಸುಡುವುದಿಲ್ಲ, ಹುಣಸೆ ಹಣ್ಣು ಮೀನಿನ ರುಚಿಯನ್ನು ಮುಚ್ಚುವಷ್ಟು ಹೆಚ್ಚಾಗುವುದಿಲ್ಲ. ಬೂತಾಯಿ (ಸಾರ್ಡೀನ್) ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಮಣ್ಣಿನ ಅಳಗೆಯಲ್ಲಿ ಹಿಂದಿನ ದಿನ ಸಂಜೆಯೇ ಮಾಡಿಟ್ಟು ಮರುದಿನ ಬಡಿಸುವ ಕ್ರಮವನ್ನು ಇವರು ಬಿಟ್ಟಿಲ್ಲ, ಅದು ಅದರ ರುಚಿಯಲ್ಲೇ ತಿಳಿಯುತ್ತದೆ. ತವಾ ಫ್ರೈಗೆ ಬಣ್ಣದ ಪುಡಿ ಹಾಕುವುದಿಲ್ಲ. ರವಾ ಫ್ರೈ ಮಾತ್ರ ನನಗೆ ಒಗ್ಗಲಿಲ್ಲ, ಎಣ್ಣೆ ಹೆಚ್ಚು ಹೀರಿರುತ್ತದೆ. ಒಲೆಯ ಮುಂದೆ ನಿಲ್ಲುವವರು ಯಜಮಾನರ ಹೆಂಡತಿ. ಊರವರೆಲ್ಲ ಅವರನ್ನು ಅಕ್ಕ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆದೆ. ರುಚಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಹೇಳಬೇಕಾದ ಅಗತ್ಯ ಕಾಣುವುದಿಲ್ಲ, ಮಲ್ಪೆಯ ಸುತ್ತ ಚೆನ್ನಾಗಿ ಮೀನು ಬೇಯಿಸುವವರಿಗೆ ಬರವಿಲ್ಲ.

ಮೀನಿನ ಹೋಟೆಲನ್ನು ಅಳೆಯುವಾಗ ರುಚಿ, ದರ, ಚೊಕ್ಕಟ ಇವುಗಳ ಜೊತೆಗೆ ಇನ್ನೂ ಮೂರನ್ನು ನೋಡಬೇಕೆಂದು ನಾನು ಕೆಲವು ವರ್ಷಗಳಿಂದ ನಂಬಿಕೊಂಡಿದ್ದೇನೆ: ಯಾವ ತಿಂಗಳಲ್ಲಿ ಯಾವ ಮೀನು ಬಡಿಸುತ್ತಾರೆ, ಎಷ್ಟು ಉದ್ದದ್ದನ್ನು ಬಡಿಸುತ್ತಾರೆ, ಅದು ಯಾವ ಬಲೆಯಿಂದ ಬಂದದ್ದು. ಇದಕ್ಕಾಗಿ ಮಗನ ಕಂಪಾಸು ಪೆಟ್ಟಿಗೆಯ ಹದಿನೈದು ಸೆಂಟಿಮೀಟರಿನ ಸ್ಕೇಲು ಯಾವಾಗಲೂ ನನ್ನ ಜೇಬಿನಲ್ಲಿರುತ್ತದೆ. ಊಟಕ್ಕೆ ಜೊತೆಗೆ ಬಂದವರು ಇದನ್ನು ಕಂಡು ಬೇರೆ ಮೇಜಿಗೆ ಹೋಗಿ ಕುಳಿತದ್ದೂ ಉಂಟು.

ಅಕ್ಟೋಬರಿನಲ್ಲಿ ಮೊದಲ ಸಲ ಹೋದಾಗ ತಟ್ಟೆಗೆ ಬಂದ ಬಂಗುಡೆ ತಲೆಯಿಂದ ಬಾಲದ ತುದಿಯವರೆಗೆ ಇಪ್ಪತ್ತೊಂದು ಸೆಂಟಿಮೀಟರ್ ಇತ್ತು. ಸ್ಕೇಲನ್ನು ಎರಡು ಸಲ ಇಟ್ಟು ಅಳೆಯಬೇಕಾಯಿತು. ನೆರೆಯ ಕೇರಳವು 2015ರಲ್ಲಿ 14 ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ನಿಗದಿಪಡಿಸಿತು, ಮುಂದೆ ಆ ಪಟ್ಟಿ 58 ಜಾತಿಗಳಿಗೆ ಬೆಳೆಯಿತು. ಅದರಲ್ಲಿ ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಸೆಂಟಿಮೀಟರ್ ಎಂದಿದೆ. ಈ ಅಳತೆಗಳನ್ನು ಸೂಚಿಸಿದ್ದು ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ, ಮಂಗಳೂರಿನಲ್ಲೂ ಕೇಂದ್ರವಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ. ಕನಿಷ್ಠ ಉದ್ದವೆಂದರೆ ಮೀನು ಬಲಿತ ಉದ್ದವೆಂದು ಯಾರೂ ತಿಳಿಯಬಾರದು. ಅದಕ್ಕಿಂತ ಚಿಕ್ಕದನ್ನು ಮುಟ್ಟಲೇಬೇಡಿ ಎನ್ನುವ ಕೆಳಗಿನ ಗೆರೆ ಅದು. ಬಂಗುಡೆ ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಆ ಗೆರೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚೇ ಬೆಳೆದಿರುತ್ತದೆ. ಆ ದೃಷ್ಟಿಯಿಂದ ನನ್ನ ತಟ್ಟೆಯ ಬಂಗುಡೆ ಒಂದು ಸಲವಾದರೂ ಸಂತಾನ ಬಿಟ್ಟು ಬಂದಿರಬಹುದಾದ ಮೀನು. ಬೂತಾಯಿಯೂ ಹದಿನಾರು ಸೆಂಟಿಮೀಟರ್ ದಾಟಿತ್ತು. ಬೋರ್ಡಿನಲ್ಲಿದ್ದ ಬೊಳೆಂಜಿರ್ ಬೆರಳುದ್ದಕ್ಕಿಂತ ದೊಡ್ಡದಿರಲಿಲ್ಲ, ಆದರೆ ಅದು ಹುಟ್ಟಾ ಗಿಡ್ಡ ಜಾತಿ, ಬಲಿತ ಮೇಲೂ ಬೆರಳುದ್ದವೇ. ಸ್ಕೇಲು ಹಿಡಿದವನಿಗೆ ಇಷ್ಟು ವಿವೇಕ ಇಲ್ಲದಿದ್ದರೆ ಅಳತೆ ವ್ಯರ್ಥ.

ಜನವರಿಯಲ್ಲಿ ಹೋದಾಗ ಅದೇ ಬೋರ್ಡಿನಲ್ಲಿ ‘ಅಂಜಲ್ ಫುಲ್ ಫ್ರೈ – 220’ ಎಂದು ಬರೆದದ್ದು ಕಂಡಿತು. ಅಂಜಲ್ ಅಂದರೆ ಬಲಿತಾಗ ತೋಳಿಗಿಂತ ಉದ್ದಕ್ಕೆ ಬೆಳೆಯುವ ಮೀನು, ಅದನ್ನು ತುಂಡು ಮಾಡಿ ಬಡಿಸುವುದೇ ಕ್ರಮ. ಇಡೀ ಅಂಜಲ್ ಒಬ್ಬನ ತಟ್ಟೆಯಲ್ಲಿ ಹೇಗೆ ಹಿಡಿಸುತ್ತದೆ? ತರಿಸಿ ನೋಡಿದರೆ ಮೂವತ್ತು ಸೆಂಟಿಮೀಟರ್ ಕೂಡ ಇರಲಿಲ್ಲ. ಅಂಜಲ್ ಮೊಟ್ಟೆಯಿಡುವ ಗಾತ್ರಕ್ಕೆ ಬರಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಉದ್ದ ಬೆಳೆಯಬೇಕು, ಕೇರಳದ ನಿಯಮದಲ್ಲಿ ಅದರ ಕನಿಷ್ಠ ಉದ್ದವೇ 50 ಸೆಂಟಿಮೀಟರ್. ಮಾಂಸ ಬಹಳ ಮೆತ್ತಗಿತ್ತು, ಮುಳ್ಳು ಕೂಡ ಗಟ್ಟಿಯಾಗಿರಲಿಲ್ಲ. ರುಚಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ, ಮರಿ ಮೀನು ರುಚಿಯಾಗಿಯೇ ಇರುತ್ತದೆ, ತೊಂದರೆಯ ಮೂಲವೂ ಅಲ್ಲಿಯೇ ಇದೆ.

ಊಟ ಮುಗಿದ ಮೇಲೆ ಯಜಮಾನರಲ್ಲಿ ಈ ಮಾತನ್ನು ಎತ್ತಿದೆ. ಅವರು ಸಿಟ್ಟಾಗಲಿಲ್ಲ. ‘ದೊಡ್ಡ ಅಂಜಲಿನ ಒಂದು ತುಂಡಿಗೆ ಮುನ್ನೂರು ಹೇಳಿದರೆ ಗಿರಾಕಿ ಮುಖ ನೋಡ್ತಾರೆ ಮಾರಾಯ್ರೆ, ಇಡೀ ಮೀನು ಇನ್ನೂರಿಪ್ಪತ್ತಕ್ಕೆ ಅಂದರೆ ಖುಷಿಯಲ್ಲಿ ತಿಂತಾರೆ. ನಾನು ತೆಗೆದುಕೊಳ್ಳದಿದ್ದರೆ ಅದು ಫಿಶ್‌ಮಿಲ್ಲಿಗೆ ಹೋಗ್ತದೆ, ಅಷ್ಟೇ ವ್ಯತ್ಯಾಸ’ ಎಂದರು. ಈ ಉತ್ತರವನ್ನು ನಾನು ಹಲವು ದಿನ ಮೆಲುಕು ಹಾಕಿದ್ದೇನೆ, ಅದರ ಎರಡನೆಯ ಅರ್ಧವನ್ನು ತಳ್ಳಿಹಾಕುವುದು ಸುಲಭವಲ್ಲ. ಟ್ರಾಲ್ ಬೋಟಿನ ಬಲೆ ಸಮುದ್ರದ ತಳವನ್ನು ಬಾಚಿಕೊಂಡು ಬರುವಾಗ ಬಲೆಯ ಬಾಲದ ಚೀಲದಲ್ಲಿ ಏನೇನು ಸಿಕ್ಕಿಬಿದ್ದಿದೆಯೋ ಅದೆಲ್ಲ ಮೇಲೆ ಬರುತ್ತದೆ. ಆ ಚೀಲದ ಕಣ್ಣುಗಳು ವಜ್ರದಾಕಾರದಲ್ಲಿದ್ದರೆ ಎಳೆತದ ಬಿಗಿಗೆ ಮುಚ್ಚಿಕೊಂಡು ಬೆರಳು ತೂರದಷ್ಟು ಕಿರಿದಾಗುತ್ತವೆ, ಚೌಕ ಕಣ್ಣುಗಳಾದರೆ ಎಳೆಯುವಾಗಲೂ ತೆರೆದೇ ಇದ್ದು ಮರಿಗಳು ನುಸುಳಿ ಹೋಗುತ್ತವೆ. ಚೌಕ ಕಣ್ಣಿನ ಚೀಲ ಹಾಕಿ ಎಂದು ವಿಜ್ಞಾನಿಗಳು ಹೇಳುತ್ತ ಬಂದು ವರ್ಷಗಳಾದವು. ಹಾಗೆ ಹಾಕದ ಬೋಟು ದಡಕ್ಕೆ ಬಂದಾಗ ಧಕ್ಕೆಯಲ್ಲಿ, ಅಂದರೆ ಮೀನು ಇಳಿಸುವ ಬಂದರಿನ ಕಟ್ಟೆಯಲ್ಲಿ, ಒಳ್ಳೆಯ ಮೀನನ್ನು ಆರಿಸಿ ಬುಟ್ಟಿಗೆ ತುಂಬಿದ ಮೇಲೆ ಉಳಿಯುವ ರಾಶಿಯಲ್ಲಿ ಪಾಂಬೋಲಿನ ಮರಿ, ಅಂಜಲಿನ ಮರಿ, ಏಡಿ, ಹೆಸರಿಲ್ಲದ ಹತ್ತಾರು ಜೀವಗಳು ಒಟ್ಟಿಗೇ ಬಿದ್ದಿರುತ್ತವೆ. ಅದು ಲಾರಿಯಲ್ಲಿ ಫಿಶ್‌ಮಿಲ್ಲಿಗೆ ಹೋಗಿ, ಪುಡಿಯೂ ಎಣ್ಣೆಯೂ ಆಗಿ, ಕೊನೆಗೆ ಕೋಳಿಯ ಮತ್ತು ಸಾಕಿದ ಸಿಗಡಿಯ ಆಹಾರವಾಗುತ್ತದೆ. ಆ ರಾಶಿಗೂ ದರವಿದೆ. ದರ ಇರುವವರೆಗೆ ಬೋಟಿನವರಿಗೆ ಮರಿಗಳನ್ನು ಬಿಟ್ಟು ಬರುವ ಕಾರಣವಿಲ್ಲ.

ಆದರೆ ಯಜಮಾನರ ಮಾತಿನ ಮೊದಲ ಅರ್ಧವೇ ನನ್ನನ್ನು ಹೆಚ್ಚು ಕಾಡಿದ್ದು. ಗಿರಾಕಿಗೆ ಇಡೀ ಮೀನು ಬೇಕು, ಅದು ತಟ್ಟೆಯಲ್ಲಿ ಕೂರಬೇಕು, ಒಬ್ಬರ ಹೊಟ್ಟೆಗೆ ಸರಿಹೋಗಬೇಕು, ಬಿಲ್ಲು ಇನ್ನೂರೈವತ್ತು ದಾಟಬಾರದು. ಈ ನಾಲ್ಕು ಬಯಕೆಗಳನ್ನು ಕೂಡಿಸಿದರೆ ಬರುವ ಅಳತೆಯನ್ನು ನಾನು ತಟ್ಟೆಯಳತೆ ಎಂದು ಕರೆಯುತ್ತೇನೆ. ಬಂಗುಡೆ, ಬೂತಾಯಿ, ಕಾಣೆ, ನಂಗ್ ಇವುಗಳಲ್ಲಿ ತಟ್ಟೆಯಳತೆಯ ಮೀನೆಂದರೆ ಬಲಿತ ಮೀನೇ, ಅವುಗಳ ದೇಹವೇ ಹಾಗಿದೆ. ಅಂಜಲ್, ಮಾಂಜಿ (ಪಾಂಫ್ರೆಟ್), ಮುರು (ಗ್ರೂಪರ್) ಇವುಗಳಲ್ಲಿ ತಟ್ಟೆಯಳತೆಯ ಮೀನೆಂದರೆ ಮರಿ. ಅಂಗೈ ಅಗಲದ ಬಿಳಿ ಮಾಂಜಿ ನೋಡಲು ಎಷ್ಟೇ ಮುದ್ದಾಗಿ ಕಂಡರೂ ಅದು ಇನ್ನೂ ಮೊಟ್ಟೆಯಿಡುವ ಪ್ರಾಯಕ್ಕೆ ಬಂದದ್ದಲ್ಲ. ಹೋಟೆಲಿನವರು ಈ ಅಳತೆಯನ್ನೇ ಏಜೆಂಟರಲ್ಲಿ ಕೇಳುತ್ತಾರೆ, ಏಜೆಂಟರು ಧಕ್ಕೆಯಲ್ಲಿ ಅದಕ್ಕೇ ಬೇರೆ ಬುಟ್ಟಿ ಮಾಡಿಸುತ್ತಾರೆ, ಹಾಗೆ ಫಿಶ್‌ಮಿಲ್ಲಿನ ರಾಶಿಗಿಂತ ಮೇಲಿನ ಒಂದು ದರ ಮರಿಗೆ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ‘ಅಷ್ಟೇ ವ್ಯತ್ಯಾಸ’ ಎಂಬ ಅವರ ಮಾತನ್ನು ನಾನು ಒಪ್ಪಲಾರೆ: ಫಿಶ್‌ಮಿಲ್ಲು ಕೊಡುವುದು ರಾಶಿಯ ದರ, ನಾವು ಕೊಡುತ್ತಿರುವುದು ಆರಿಸಿದ ಮೀನಿನ ದರ.

ಹಾಗಾದರೆ ದೊಡ್ಡ ಮೀನಿನ ತುಂಡನ್ನೇ ಕೇಳಿದರೆ ಪಾಪ ಕಳೆಯಿತೇ ಎಂದರೆ, ಮುರು ಮೀನಿನ ವಿಷಯದಲ್ಲಿ ಅದೂ ಸರಿಹೋಗುವುದಿಲ್ಲ. ನೇತ್ರಾಣಿಯಂಥ ದ್ವೀಪಗಳ ಸುತ್ತ, ನೀರೊಳಗಿನ ಬಂಡೆಗಳ ಸಂದಿನಲ್ಲಿ ಬದುಕುವ ಈ ಜಾತಿಯ ಮೀನುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬಲಿತು, ವಯಸ್ಸಾದ ಮೇಲೆ ಗಂಡಾಗಿ ಬದಲಾಗುತ್ತವೆ. ಚಿಕ್ಕದನ್ನು ಹಿಡಿದರೆ ಮೊಟ್ಟೆಯಿಡುವ ಮೊದಲೇ ಹೋಯಿತು, ದೊಡ್ಡದನ್ನೇ ಹುಡುಕಿ ಹಿಡಿದರೆ ಆ ಬಂಡೆಯ ಗಂಡುಗಳೆಲ್ಲ ಹೋದವು. ಈ ಹೋಟೆಲಿನಲ್ಲಿ ಮುರು ಒಂದೇ ಸಲ ಕಂಡಿತು, ನಾನು ಕೇಳಲಿಲ್ಲ. ಅಂಜಲ್ ಹಾಗಲ್ಲ, ಒಂದು ಮೀಟರಿನ ಅಂಜಲಿನ ತುಂಡನ್ನು ಮನಸ್ಸಿನ ಅಳುಕಿಲ್ಲದೆ ತಿನ್ನಬಹುದೆಂದು ನನ್ನ ಅಭಿಪ್ರಾಯ, ಕಿಸೆಯ ಅಳುಕು ಬೇರೆ ಮಾತು.

ಇನ್ನು ಬೋರ್ಡಿನ ವಿಷಯ. ನಾನು ಈ ಹೋಟೆಲಿಗೆ ಮತ್ತೆ ಮತ್ತೆ ಹೋಗಲು ಮುಖ್ಯ ಕಾರಣ ಅದೇ. ಎಡಗಡೆ ಇರುವ ಮೀನುಗಳ ಹೆಸರು, ಬಲಗಡೆ ‘ಇಂದು ಇಲ್ಲ’ ಎಂಬ ತಲೆಬರಹದ ಕೆಳಗೆ ಇಲ್ಲದ ಮೀನುಗಳ ಹೆಸರು. ಫೆಬ್ರವರಿಯಲ್ಲಿ ಹೋದಾಗ ಬಲಗಡೆ ಮೊದಲಿಗಿದ್ದದ್ದು ಬೂತಾಯಿ. ಕುಂದಾಪುರದ ಕಡೆ ಬೈಗೆ ಎಂದೂ ಕಾರವಾರದ ಕಡೆ ತಾರ್ಲೆ ಎಂದೂ ಕರೆಯುವ ಈ ಮೀನು ಒಂದು ಕಾಲದಲ್ಲಿ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವಷ್ಟು ಅಗ್ಗವಾಗಿತ್ತು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಗೆ ಅದು ಬಂದ ದಿನ ಹಂಚಿಕೊಂಡು ಮುಗಿಯುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸುತ್ತುಗಟ್ಟತೊಡಗಿದ ಮೇಲೆ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು, ಈಗ ಉಳಿದಿರುವುದು ಅದರ ಚಿಕ್ಕ ರೂಪವಾದ ಕೈರಂಪಣಿ ಮಾತ್ರ. ಬೂತಾಯಿಯ ಏರಿಳಿತಕ್ಕೆ ಬಲೆಯೊಂದೇ ಕಾರಣವಲ್ಲ. ಎಲ್ ನಿನೊ ವರ್ಷಗಳಲ್ಲಿ ಸಮುದ್ರದ ಬಿಸಿ ಹೆಚ್ಚಿ ಅದರ ಆಹಾರ ಕಡಿಮೆಯಾಗುವುದೂ ಇದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿದಿತ್ತು. ಹೀಗೆ ತಾನಾಗಿಯೇ ಸೊರಗಿದ ವರ್ಷಗಳಲ್ಲಿ ಮರಿಗಳನ್ನೂ ಬಾಚಿದರೆ ಹಿಂಡು ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ.

‘ಇಂದು ಇಲ್ಲ’ ಎಂದು ಬರೆಯುವ ಹೋಟೆಲಿಗೆ ಆಗುವ ನಷ್ಟ ಸಣ್ಣದಲ್ಲ. ಬೆಂಗಳೂರಿನಿಂದ ಬಂದ ಕುಟುಂಬವೊಂದು ಬೋರ್ಡು ಓದಿ, ಬೂತಾಯಿ ಇಲ್ಲವೆಂದು ಎದ್ದು ಹೋದದ್ದನ್ನು ನಾನೇ ನೋಡಿದೆ. ಹೆದ್ದಾರಿಯ ಬದಿಯ ದೊಡ್ಡ ಹೋಟೆಲುಗಳಲ್ಲಿ ವರ್ಷದ ಎಲ್ಲ ದಿನವೂ ಎಲ್ಲ ಮೀನೂ ಇರುತ್ತದೆ, ಅಚ್ಚು ಹಾಕಿಸಿದ ಮೆನುವಿನಲ್ಲಿ ತಿಂಗಳಿಗೆ ಜಾಗವಿಲ್ಲ. ಅಂಥ ಮೆನುವಿನ ಬೇಡಿಕೆಯನ್ನು ಪೂರೈಸಲು ಯಾವ ಬಲೆಯಾದರೂ ಆದೀತು ಎಂಬ ಸ್ಥಿತಿ ಬರುತ್ತದೆ. ರಾತ್ರಿ ಜನರೇಟರ್ ಇಟ್ಟು ನೀರಿಗೆ ಎಲ್‌ಇಡಿ ಬೆಳಕು ಬಿಟ್ಟು, ದೊಡ್ಡದು ಚಿಕ್ಕದೆಂಬ ಭೇದವಿಲ್ಲದೆ ಬೆಳಕಿಗೆ ಮುತ್ತುವ ಮೀನುಗಳನ್ನೆಲ್ಲ ಸುತ್ತುಗಟ್ಟುವ ಲೈಟ್ ಫಿಶಿಂಗನ್ನೂ, ಎರಡು ಬೋಟುಗಳ ನಡುವೆ ಬಲೆ ಕಟ್ಟಿ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಾಡದೋಣಿಯವರು ಅಂದಿನಿಂದಲೂ ನಿಷೇಧ ಕಟ್ಟುನಿಟ್ಟಾಗಲಿ ಎಂದು ಕೂಗುತ್ತಲೇ ಇದ್ದಾರೆ. ಯಜಮಾನರಲ್ಲಿ ‘ಇದು ಯಾವ ಬೋಟಿನ ಮೀನು’ ಎಂದು ಕೇಳಿದಾಗ ಬಂಗುಡೆಗೆ ಪರ್ಸಿನ್ ಎಂದೂ, ಪಾಂಬೋಲಿಗೆ ತ್ರಿಸೆವೆಂಟಿ ಎಂದು ಕರೆಯುವ ಟ್ರಾಲ್ ಬೋಟು ಎಂದೂ, ಕಾಣೆಗೆ ಕೈರಂಪಣಿ ಎಂದೂ ತಡವರಿಸದೆ ಹೇಳಿದರು. ಬೆಳಕು ಹಾಕಿ ಹಿಡಿದದ್ದೋ ಎಂದು ಕೇಳಿದಾಗ ನಕ್ಕು ಗಲ್ಲಾದ ಚಿಲ್ಲರೆ ಎಣಿಸತೊಡಗಿದರು. ಆ ನಗುವನ್ನು ಉತ್ತರವೆಂದು ಬರೆದುಕೊಳ್ಳಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲ.

ಜುಲೈಯಲ್ಲಿ ಬೇಕೆಂದೇ ಹೋದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮಲ್ಪೆಯ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತು ನೀರೇ ಕಾಣದಂತಾಗುವ ಕಾಲ ಅದು. ಈ ತಿಂಗಳಲ್ಲಿ ಕರಾವಳಿಯ ಹೋಟೆಲುಗಳ ಪ್ರಾಮಾಣಿಕತೆ ಸುಲಭವಾಗಿ ಬಯಲಾಗುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಆರಂಭವಾಗಿ ಜೂನ್ 14ಕ್ಕೆ ಮುಗಿಯುವುದರಿಂದ ಜುಲೈಯಲ್ಲಿ ನಮ್ಮಲ್ಲಿ ಮಾರಾಟವಾಗುವ ದೊಡ್ಡ ಮೀನಿನಲ್ಲಿ ಬಹುಪಾಲು ತಮಿಳುನಾಡು, ಆಂಧ್ರದಿಂದ ಐಸ್ ಹಾಕಿ ಲಾರಿಯಲ್ಲಿ ಬಂದದ್ದು. ತಪ್ಪೇನಿಲ್ಲ, ಆದರೆ ಅದನ್ನು ‘ಮಲ್ಪೆ ಫ್ರೆಶ್’ ಎಂದು ಬರೆದು ಮಾರುವುದು ಮೋಸ. ಈ ಹೋಟೆಲಿನಲ್ಲಿ ಆ ದಿನ ಬೋರ್ಡಿನ ಎಡಗಡೆ ನಾಲ್ಕೇ ಸಾಲು ಇತ್ತು: ಕಾಣೆ, ಹೊಳೆಯ ಏಡಿ, ನಂಗ್ ಒಣಮೀನು ಚಟ್ನಿ, ಮೊಟ್ಟೆ ಸಾರು. ಬಲಗಡೆ ಜಾಗ ಸಾಲದೆ ಅಕ್ಷರಗಳು ಚೌಕಟ್ಟಿಗೆ ತಾಗಿದ್ದವು. ಆ ವಾರ ತೂಫಾನ್ ಎದ್ದು ಕಡಲು ಸ್ವಲ್ಪ ತಣಿದಿದ್ದರಿಂದ ನಾಡದೋಣಿಯವರಿಗೆ ದಡದ ಹತ್ತಿರವೇ ಸಿಗಡಿ ಸಿಕ್ಕಿತ್ತೆಂದೂ ಬೆಳಗ್ಗೆಯೇ ಖಾಲಿಯಾಯಿತೆಂದೂ ಅಕ್ಕ ಹೇಳಿದರು. ನನಗೆ ಸಿಕ್ಕದ್ದು ಕಾಣೆ, ಮತ್ತು ಆರು ಊಟಗಳಲ್ಲಿ ಅದೇ ಶ್ರೇಷ್ಠ. ಬಾಣಲೆಯಿಂದ ನೇರ ತಟ್ಟೆಗೆ ಬಂದಿತ್ತು, ಬೆನ್ನಿನ ಮುಳ್ಳು ಎಳೆದರೆ ಒಂದೇ ಸಲಕ್ಕೆ ಬಿಟ್ಟುಕೊಂಡಿತು, ಜೊತೆಗಿದ್ದ ಒಣಮೀನು ಚಟ್ನಿಗೆ ಸುಟ್ಟ ಮೆಣಸು ಮತ್ತು ಹಸಿ ತೆಂಗಿನಕಾಯಿ ಹದವಾಗಿ ಬೆರೆತಿತ್ತು. ಮಳೆಗಾಲದ ಕರಾವಳಿಯ ಊಟ ಎಂದರೆ ಇದೇ ತಾನೆ! ಅಂಜಲ್ ಇಲ್ಲವೆಂದು ಅಂದು ಯಾರಿಗೂ ಬೇಸರವಾದಂತೆ ಕಾಣಲಿಲ್ಲ.

ಒಣಮೀನು ನಮ್ಮವರು ಮೊದಲೇ ಕಂಡುಕೊಂಡಿದ್ದ ಉತ್ತರ. ಕಾನೂನಿನ ರಜೆ ಬರುವ ಮೊದಲು ಮಳೆಯೇ ರಜೆ ಹಾಕಿಸುತ್ತಿತ್ತು, ಏಪ್ರಿಲ್ ಮೇಯಲ್ಲಿ ಒಣಗಿಸಿಟ್ಟದ್ದು ಮಳೆಗಾಲದ ಆಟಿ ತಿಂಗಳು ಮುಗಿಯುವವರೆಗೆ ಬರುತ್ತಿತ್ತು. ಆದರೆ ಈ 61 ದಿನಗಳಿಂದಲೇ ಎಲ್ಲ ಸರಿಯಾಯಿತೆಂದು ನಾನು ಭಾವಿಸಿಲ್ಲ. ಮಳೆಗಾಲದಲ್ಲಿ ಹುಟ್ಟಿದ ಮರಿಗಳು ಆಗಸ್ಟಿನಿಂದ ಅಕ್ಟೋಬರಿನವರೆಗೆ ಇನ್ನೂ ಮರಿಗಳೇ, ಆಗಸ್ಟ್ ಆರಂಭವಾಗುತ್ತಲೇ ಬೋಟುಗಳೆಲ್ಲ ಒಟ್ಟಿಗೆ ಇಳಿಯುವುದೂ ಅವುಗಳ ಮೇಲೆಯೇ. ಎರಡು ತಿಂಗಳಲ್ಲಿ ಉಳಿಸಿದ್ದನ್ನು ಮುಂದಿನ ಎರಡು ತಿಂಗಳಲ್ಲಿ ಖರ್ಚು ಮಾಡುವ ಈ ಕ್ರಮಕ್ಕೆ ಬಲೆಯ ಕಣ್ಣಿನ ನಿಯಮವೂ ಮೀನಿನ ಉದ್ದದ ನಿಯಮವೂ ಬಂದರಿನಲ್ಲಿ ನಿಜವಾಗಿ ಜಾರಿಯಾಗದೆ ಮದ್ದಿಲ್ಲ.

ತಾಟೆ (ಶಾರ್ಕ್) ಮತ್ತು ತೊರಕೆಯ (ಚಪ್ಪಟೆ ದೇಹದ ರೇ ಮೀನು) ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿದೆ. ಏಪ್ರಿಲಿನಲ್ಲಿ ಬೋರ್ಡಿನ ಎಡಗಡೆ ‘ಮರಿ ತಾಟೆ ಪುಳಿಮುಂಚಿ’ ಇತ್ತು. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ತಾಟೆ ಕೊಡುವ ರೂಢಿ ನಮ್ಮ ಮನೆಗಳಲ್ಲೂ ಇದೆ, ಅಜ್ಜಿಯರ ಆ ಮಾತನ್ನು ಹಗುರವಾಗಿ ನೋಡುವ ಉದ್ದೇಶ ನನಗಿಲ್ಲ. ಆದರೆ ಬಂಗುಡೆ ಒಂದು ಋತುವಿನಲ್ಲಿ ಸಾವಿರ ಸಾವಿರ ಮೊಟ್ಟೆ ಬಿಡುವ ಮೀನು, ತಾಟೆ ಮತ್ತು ತೊರಕೆಗಳು ಹಲವು ವರ್ಷ ಬೆಳೆದ ಮೇಲೆ ಕೆಲವೇ ಮರಿಗಳನ್ನು ಹಾಕುವ ಜೀವಗಳು. ಅವುಗಳನ್ನು ಬಂಗುಡೆಯ ಹಾಗೆ ಹಿಡಿದರೆ ಹಿಂಡು ಮತ್ತೆ ತುಂಬುವುದಿಲ್ಲ. ತಿಮಿಂಗಿಲ ತಾಟೆಯನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಿದರು, ಗರಗಸ ಮೀನಿನಂಥ ಇನ್ನು ಕೆಲವು ಅದೇ ಪಟ್ಟಿಯಲ್ಲಿವೆ, 2015ರಲ್ಲಿ ತಾಟೆಯ ರೆಕ್ಕೆಯ ರಫ್ತನ್ನು ನಿಷೇಧಿಸಿದರು. ಉಳಿದ ಎಷ್ಟೋ ಜಾತಿಗಳನ್ನು ಹಿಡಿಯುವುದು ಅಪರಾಧವಲ್ಲ. ತೊಂದರೆಯೆಂದರೆ ಮಸಾಲೆಯಲ್ಲಿ ಬೆಂದು ಅಳಗೆಯಲ್ಲಿ ಕೂತ ಮೇಲೆ ಅದು ಯಾವ ಜಾತಿಯೆಂದು ಅಕ್ಕನಿಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಬೋರ್ಡಿನ ಆ ಸಾಲನ್ನು ಖಾಯಂ ಆಗಿ ಬಲಗಡೆಗೆ ಸರಿಸಿ ಎಂದು ಕೇಳಿಕೊಂಡೆ. ‘ಕೇಳುವವರು ಇದ್ದಾರಲ್ಲ’ ಎಂದರು ಅಕ್ಕ. ಇದು ಈ ಹೋಟೆಲಿನ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ.

ಸಿಗಡಿಯ ಬಗ್ಗೆ ಕೇಳಿದಾಗ ಸಮುದ್ರದ್ದೋ ಕೆರೆಯಲ್ಲಿ ಸಾಕಿದ್ದೋ ಎಂದು ಬಿಡಿಸಿ ಹೇಳುತ್ತಾರೆ, ಅದು ಮೆಚ್ಚಬೇಕಾದದ್ದು. ಎರಡರಲ್ಲೂ ತೊಡಕಿದೆ. ಸಿಗಡಿಗೆಂದು ತಳ ಬಾಚುವ ಟ್ರಾಲಿನಲ್ಲಿ ಕಡಲಾಮೆಗಳು ಸಿಕ್ಕಿಕೊಂಡು ಉಸಿರುಗಟ್ಟಿ ಸಾಯುತ್ತವೆ, ಅವನ್ನು ಹೊರಗೆ ಜಾರಿಸುವ ಸರಳಿನ ಚೌಕಟ್ಟನ್ನು ನಮ್ಮ ಬೋಟುಗಳು ಬಲೆಗೆ ಅಳವಡಿಸಿಲ್ಲವೆಂಬ ಕಾರಣಕ್ಕೇ ಅಮೆರಿಕವು 2019ರಲ್ಲಿ ಭಾರತದ ಸಮುದ್ರ ಸಿಗಡಿಯ ಆಮದನ್ನು ನಿಲ್ಲಿಸಿತು. ಸಾಕಿದ ಸಿಗಡಿ ತಿನ್ನುವುದು ಮತ್ತೆ ಅದೇ ಫಿಶ್‌ಮಿಲ್ಲಿನ ಪುಡಿಯನ್ನು. ಹೋಲಿಸಿದರೆ ಹಗ್ಗಕ್ಕೆ ಕಟ್ಟಿ ಹೊಳೆಬಾಯಿಯಲ್ಲಿ ಬೆಳೆಸುವ ನೀಲಿಕಲ್ಲು ಎಂಬ ಚಿಪ್ಪುಜೀವಿ ಬಹಳ ಮೇಲು, ಅದಕ್ಕೆ ಯಾರೂ ಆಹಾರ ಹಾಕಬೇಕಾಗಿಲ್ಲ, ನೀರನ್ನು ಸೋಸಿಯೇ ಬದುಕುತ್ತದೆ. ಮರ್ವಾಯಿ ಎಂಬ ಇನ್ನೊಂದು ಚಿಪ್ಪುಜೀವಿಯೂ ಹಾಗೆಯೇ, ಆದರೆ ಹೊಳೆಯ ಮರಳು ತೆಗೆಯುವ ಡ್ರೆಜ್ಜರುಗಳು ಅದರ ನೆಲೆಯನ್ನೇ ಎತ್ತಿಕೊಂಡು ಹೋಗುತ್ತಿವೆ. ಕುಮಟಾದ ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಎಂಬ ಚಿಪ್ಪನ್ನು ಆರಿಸಿ ಬದುಕುವ ಕುಟುಂಬಗಳು ಇಂದಿಗೂ ಇವೆ. ಆ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿನ ಮರ್ವಾಯಿ ಸುಕ್ಕ ಚೆನ್ನಾಗಿತ್ತು, ಮರಳು ಒಂದೆರಡು ಸಲ ಹಲ್ಲಿಗೆ ಸಿಕ್ಕಿತೆಂಬುದನ್ನು ಬಿಟ್ಟರೆ.

ಪಾರ್ಸೆಲ್ ಕಟ್ಟುವ ರೀತಿ ಮಾತ್ರ ಏನೇನೂ ಸರಿಯಿಲ್ಲ. ಸಾರಿಗೆ ಒಂದು ತೆಳು ಪ್ಲಾಸ್ಟಿಕ್ ಚೀಲ, ಅನ್ನಕ್ಕೆ ಇನ್ನೊಂದು, ಫ್ರೈಗೆ ಬೆಳ್ಳಿ ಬಣ್ಣದ ಕವರು, ಇವೆಲ್ಲಕ್ಕೂ ಮೇಲೊಂದು ಚೀಲ. ಮಳೆಗಾಲದ ಮೊದಲ ನೆರೆಗೆ ಇವೆಲ್ಲ ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗಿ, ಜುಲೈಯಲ್ಲಿ ಕೈರಂಪಣಿ ಎಳೆಯುವವರ ಬಲೆಗೆ ಮೀನಿಗಿಂತ ಮೊದಲು ಬರುತ್ತವೆ. ಬೋರ್ಡಿನ ಮೇಲೆ ಇಷ್ಟು ಎಚ್ಚರ ತೋರುವವರು ಗಲ್ಲಾದ ಪಕ್ಕದ ಈ ಚೀಲಗಳ ಕಟ್ಟನ್ನು ಹೇಗೆ ಸಹಿಸಿಕೊಂಡಿದ್ದಾರೋ ತಿಳಿಯದು. ನಾನು ಬುತ್ತಿ ಒಯ್ದ ದಿನ ಯಾವ ಮಾತಿಲ್ಲದೆ ಅದರಲ್ಲೇ ತುಂಬಿ ಕೊಟ್ಟರು, ಸಾರು ಒಂದು ಸೌಟು ಹೆಚ್ಚೇ ಬಿತ್ತು.

ಮೀನು ಆರಿಸಲು ನನಗೆ ನೆರವಾಗಿರುವ ಇನ್ನೊಂದು ಸೇವೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ನೋ ಯುವರ್ ಫಿಶ್’ ಎಂಬ ಹೆಸರಿನ ತಂಡವೊಂದು ಪಶ್ಚಿಮ ಕರಾವಳಿಯ ಮೀನುಗಳು ಯಾವ ತಿಂಗಳಲ್ಲಿ ಸಂತಾನೋತ್ಪತ್ತಿಯಲ್ಲಿರುತ್ತವೆ ಎಂಬುದನ್ನು ಆಧರಿಸಿ, ಯಾವ ತಿಂಗಳು ಯಾವುದನ್ನು ತಿನ್ನಬಹುದು ಎಂಬ ಪಟ್ಟಿಯನ್ನು ಕೊಡುತ್ತದೆ. ಬಳಸಲು ಸುಲಭ. ಆದರೆ ಧಕ್ಕೆಯಲ್ಲೋ ಹೋಟೆಲಿನಲ್ಲೋ ನಿಂತಾಗ ನಮಗೆ ಬೇಕಾಗುವುದು ಬೂತಾಯಿ, ನಂಗ್, ಕೊಡ್ಡಾಯಿ ಎಂಬ ಹೆಸರುಗಳು. ಊರಿಂದೂರಿಗೆ ಬದಲಾಗುವ ಈ ಹೆಸರುಗಳನ್ನೆಲ್ಲ ಕೂಡಿಸಿ, ಕನ್ನಡ ತುಳು ಕೊಂಕಣಿ ಮೂರರಲ್ಲೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ರತಿ ಹೋಟೆಲಿನ ಗೋಡೆಗೆ ಅಂಟಿಸಿದರೆ ಆಗುವ ಉಪಯೋಗ ಬಹಳ. ನಾನು ಪಟ್ಟಿಯ ಮುಖ್ಯ ಸಾಲುಗಳನ್ನು ಕೈಬರಹದಲ್ಲಿ ಬರೆದು ಯಜಮಾನರಿಗೆ ಕೊಟ್ಟಿದ್ದೆ. ಅವರು ಅದನ್ನು ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ, ಅದರ ಮೇಲೆ ವಿದ್ಯುತ್ ಬಿಲ್ಲೂ ಇದೆ.

ಆಗಸ್ಟಿನಲ್ಲಿ ಕೊನೆಯ ಸಲ ಹೋದಾಗ ವಡಭಾಂಡೇಶ್ವರದಲ್ಲಿ ಮೀನುಗಾರರ ಸಮುದ್ರ ಪೂಜೆ ಮುಗಿದು ಬೋಟುಗಳು ಇಳಿದಿದ್ದವು, ಮಧ್ಯಾಹ್ನ ಹನ್ನೆರಡೂವರೆಗೇ ಮೇಜುಗಳೆಲ್ಲ ತುಂಬಿದ್ದವು. ಬೋರ್ಡಿನ ಎಡಗಡೆ ಹನ್ನೊಂದು ಸಾಲು. ‘ಅಂಜಲ್ ಫುಲ್ ಫ್ರೈ’ ಇರಲಿಲ್ಲ, ಅದರ ಬದಲು ‘ಅಂಜಲ್ ತುಂಡು – ಗಾತ್ರಕ್ಕೆ ತಕ್ಕಂತೆ’ ಎಂದಿತ್ತು. ನನ್ನ ಮಾತಿನಿಂದಲೋ ಆ ದಿನದ ಧಕ್ಕೆಯಲ್ಲಿ ಮರಿ ಸಿಗದ್ದರಿಂದಲೋ ಎಂದು ನಾನು ಕೇಳಲಿಲ್ಲ. ‘ಮರಿ ತಾಟೆ’ ಎಡಗಡೆಯೇ ಇತ್ತು. ಬಂಗುಡೆ ಹತ್ತೊಂಬತ್ತು ಸೆಂಟಿಮೀಟರ್.

ಊಟಕ್ಕೆ 110 ರೂಪಾಯಿ, ಬಂಗುಡೆ ಫ್ರೈ 90, ಕಾಣೆ ಫ್ರೈ ಎರಡಕ್ಕೆ 160. ಸೋಮವಾರ ರಜೆ. ಕಾರು ನಿಲ್ಲಿಸಲು ಜಾಗ ಕಡಿಮೆ, ಬಸ್ಸಿನಲ್ಲಿ ಹೋಗುವುದೇ ಮೇಲು. ಐದರಲ್ಲಿ ಮೂರೂವರೆ ಕೊಡುತ್ತೇನೆ. ಅರ್ಧವನ್ನು ಪಾರ್ಸೆಲ್ ಚೀಲಕ್ಕೆ, ಒಂದನ್ನು ತಾಟೆಯ ಸಾಲಿಗೆ ಕಳೆದಿದ್ದೇನೆ. ಪಾರ್ಸೆಲ್ ಬೇಕಿದ್ದವರು ಬುತ್ತಿ ಒಯ್ಯಿರಿ, ಕಾಣೆ ಬೇಕಿದ್ದವರು ಒಂದು ಗಂಟೆಯೊಳಗೆ ಹೋಗಿರಿ, ಆಮೇಲೆ ಅದರ ಹೆಸರು ಬಲಗಡೆಗೆ ಹೋಗಿರುತ್ತದೆ.